ಹಳೇ ಕಂಪ್ಯೂಟರಿನ ಸೇಡು

"ಯಾರು ಬೇಕಾಗಿತ್ತು?"

ಬಾಗಿಲಲ್ಲಿ ನಿಂತವನು ಯಾರೆಂದು ಅನಘಾಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಕೇಳಿದಳು.

"ನಾನು ಸಿದ್ದೇಶ್... ಎದುರಿಗಿರೋ ಹೊಸ ಪ್ರಿಂಟಿಂಗ್ ಪ್ರೆಸ್..."

ಓಹೋ! ನನ್ನ ಅನ್ನಕ್ಕೆ ಕೈ ಹಾಕಿದ ಮಹಾನುಭಾವ!

ಕುರುಬರಹಳ್ಳಿಯ ಆ ಪುಟ್ಟ ಅಂಗಡಿಯಲ್ಲಿ ಅನಘಾ ಮದುವೆ ಕಾರ್ಡುಗಳಿಗೆ ಕನ್ನಡ ಟೈಪ್ ಮಾಡಿಕೊಡುತ್ತಿದ್ದಳು. ಕಾರ್ಡ್ ವ್ಯಾಪಾರಿ ಸೋಮಲಿಂಗಪ್ಪನವರು ಕೊಡುವ ಕೆಲಸವೇ ಅವಳಿಗೆ ಆಧಾರ. ಈಗ ಅದೆಲ್ಲ ಸಿದ್ದೇಶನ ಪಾಲಾಗಿತ್ತು.

"ಕನ್ನಡ ಮಾತ್ರ ನೀವೇ ಟೈಪ್ ಮಾಡ್ಕೊಡ್ಬೇಕು ಮೇಡಂ. ನಂಗೆ ಒತ್ತಕ್ಷರ ಕೈ ಕೊಡುತ್ತೆ."

ಸಿಕ್ಕಿಬಿದ್ದ! ಅನಘಾ ಒಳಗೊಳಗೇ ನಕ್ಕಳು.

ಅವಳ ಕಂಪ್ಯೂಟರಿಗೆ ವಯಸ್ಸಾಗಿತ್ತು. ಇದಕ್ಕೆ ಇನ್ನು ಹೊಸದೇನೂ ಹಿಡಿಸುವುದಿಲ್ಲ ಎಂದು ರಿಪೇರಿಯವನು ಕೈಚೆಲ್ಲಿದ್ದ. ಬೆಳಿಗ್ಗೆ ಸ್ವಿಚ್ ಒತ್ತಿ, ಶಿವನ ಪಟಕ್ಕೆ ದೀಪ ಹಚ್ಚಿ, ವಿಭೂತಿ ಧರಿಸಿ, ಕಣ್ಮುಚ್ಚಿ ಕುಳಿತು ಎದ್ದರೂ ಅದು ಇನ್ನೂ ಆಕಳಿಸುತ್ತಿರುತ್ತಿತ್ತು. ಪಕ್ಕದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಹಚ್ಚಿದರಷ್ಟೇ ಸಂಜೆಯವರೆಗೆ ಅದರ ಉಸಿರು. ಅದರ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು.

ಸೇಡಿಗೆ ಅಷ್ಟು ಸಾಕಾಯಿತು. ಟೈಪ್ ಮಾಡಿದ್ದನ್ನೆಲ್ಲ ಆ ಫಾಂಟಿನಲ್ಲೇ ಅವನಿಗೆ ಕಳಿಸತೊಡಗಿದಳು.

ಮರುದಿನವೇ ಸಿದ್ದೇಶ್ ಓಡಿಬಂದ. "ಮೇಡಂ, ಏನೂ ಓದಕ್ಕಾಗ್ತಿಲ್ಲ!"

"ಅಯ್ಯೋ ಪಾಪ! ಇಲ್ಲೇ ಕೂತು ತಿದ್ದಿಸಿ, ಪಿಡಿಎಫ್ ಮಾಡಿಸ್ಕೊಂಡು ಹೋಗಿ. ಸ್ವಲ್ಪ ಲೇಟಾಗುತ್ತೆ."

ಅವಳು ತೋರಿಸಿದ್ದು ಕುಂಟುವ ಸ್ಟೂಲು. ಅವನು ಕುಳಿತ. ದಿನವೂ ಬಂದ, ದಿನವೂ ಕಾದ. ಅವಳು ಬೇಕೆಂದೇ ನಿಧಾನಿಸಿದಳು.

"ಏನೇ, ಆ ಹುಡುಗನ್ನ ಹಿಂಗೆ ಒಣಗಾಕಿದೀಯ!" ಎಂದರು ಪಕ್ಕದ ಟೈಲರ್ ವತ್ಸಲಾ ಆಂಟಿ.

"ಒಣಗಲಿ ಬಿಡಿ ಆಂಟಿ!"

ಆದರೆ ಒಂದು ದಿನ ಅವನು ಬರುವುದು ತಡವಾಯಿತು. ಅವಳ ಕಣ್ಣು ಮತ್ತೆ ಮತ್ತೆ ಬಾಗಿಲಿಗೆ ಹೋಯಿತು. ಛೀ! ಶತ್ರುವಿಗಾಗಿ ಯಾರಾದರೂ ಹೀಗೆ ಕಾಯುತ್ತಾರೆಯೇ?

ಅವನು ಬಂದ ಹೊತ್ತಿಗೇ ಕಂಪ್ಯೂಟರ್ ಟಪ್ಪೆಂದು ಆರಿತು. ಎಷ್ಟು ಒತ್ತಿದರೂ ಏಳಲಿಲ್ಲ. ನಾಳೆ ಕೊಡಬೇಕಾದ ಲಗ್ನಪತ್ರಿಕೆಗಳೆಲ್ಲ ಅದರೊಳಗೇ! ಅವಳ ಕಣ್ಣು ತುಂಬಿತು.

"ಅಳ್ಬೇಡಿ. ನೀವು ಕಳ್ಸಿದ್ದೆಲ್ಲ ನನ್ನ ಹತ್ರ ಇದೆ."

ಅವನ ಫೋನಿನಲ್ಲಿ ಅವಳದೇ ಸಾಲುಗಳು... ಅಚ್ಚುಕಟ್ಟಾದ ಕನ್ನಡದಲ್ಲಿ!

"ಇದು... ನಿಮಗೆ ಓದಕ್ಕಾಗುತ್ತಾ?"

"ಹಳೇ ಫಾಂಟ್ ಬದಲಾಯ್ಸೋ ಸಾಫ್ಟ್‌ವೇರ್ ಸಿಗುತ್ತಲ್ಲ. ಮೊದಲನೇ ವಾರಾನೇ ಹಾಕ್ಕೊಂಡೆ."

"ಮತ್ತೆ ದಿನಾ ಯಾಕೆ ಬಂದು ಕೂರ್ತಿದ್ರಿ?"

ಅವನು ಅದೇ ಕುಂಟುವ ಸ್ಟೂಲನ್ನು ಎಳೆದುಕೊಂಡು ಕುಳಿತ. ಅವಳಿಗೆ ಏನೋ ಹೊಳೆದಂತಾಯಿತು. ಆದರೂ ಸಿಟ್ಟು ಬಿಡಲಿಲ್ಲ.

"ನನ್ನ ಕೆಲಸ ಕಿತ್ಕೊಂಡವರು ನೀವು!"

"ಸೋಮಲಿಂಗಪ್ಪೋರು ನಿಮ್ಮನ್ನ ಕೆಲಸದಿಂದ ಪೂರ್ತಿ ಬಿಡಿಸ್ಬೇಕು ಅಂತಿದ್ರು, ಹಳೇ ಕಂಪ್ಯೂಟರ್ ಅಂತ. ಕನ್ನಡ ಅನಘಾ ಅವ್ರೇ ಮಾಡಿದ್ರೆ ಮಾತ್ರ ಪ್ರಿಂಟ್ ಹಾಕ್ತೀನಿ ಅಂದೆ."

ಇಷ್ಟು ದಿನ ಉರಿಸಿದ ಬೆಂಕಿಯಲ್ಲಿ ತಾನೇ ಬೆಂದಂತಾಯಿತು ಅನಘಾಗೆ.

"ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕಾಯ್ಸೋದು ನಿಲ್ಲಿಸ್ತಿದ್ರಿ... ನೀವು ಇಷ್ಟ ಆಗಿದೀರ, ಅನಘಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತುಟಿಯಂಚಿನಲ್ಲಿ ತುಂಟತನ ಇಣುಕಿತು.

"ನನ್ನ ಸೇಡು ಇನ್ನೂ ತೀರಿಲ್ಲ. ಭಾನುವಾರ ನಿಮ್ಮಮ್ಮನ್ನೂ ಕರ್ಕೊಂಡು ಮನೆಗೆ ಬನ್ನಿ. ಇಬ್ರನ್ನೂ ಕಾಯಿಸ್ತೀನಿ!"

"ಎಷ್ಟೊತ್ತು?"

"ನಮ್ಮಪ್ಪ ಹೂಂ ಅನ್ನೋವರೆಗೂ."