ಇಬ್ಬರ ಡಿಸ್ಕ್

ತಂಗಿ ತೀರಿಹೋದ ಮೇಲೆ ಅವಳ ಫೋಟೊ, ವಿಡಿಯೊಗಳನ್ನೆಲ್ಲ ಜೋಪಾನ ಮಾಡಲು ಕಂಪ್ಯೂಟರಿಗೆ ಜೋಡಿಸುವ ಸ್ಟೋರೇಜ್ ಪೆಟ್ಟಿಗೆಯೊಂದನ್ನು ಮನೆಗೆ ಕೊಂಡೆ.

“ಎಷ್ಟು ಜನ ಬಳಸ್ತೀರಮ್ಮ?” ಎಂದ ಅಂಗಡಿಯವನು.

“ಇಬ್ರು” ಎಂದುಬಿಟ್ಟೆ. ಅವಳು ಹುಟ್ಟಿದಾಗಿನಿಂದ ಒಟ್ಟಿಗಿದ್ದ ರೂಢಿ. ತಿದ್ದಲು ಬಾಯಿ ಬರಲಿಲ್ಲ. ಅವನು ಮನೆಗೆ ಬಂದು ಎರಡು ಖಾತೆ ತೆರೆದುಕೊಟ್ಟ.

ಅವಳ ಪಾಲಿನ ಖಾತೆಯನ್ನು ನಾನು ಮುಟ್ಟಲೇ ಇಲ್ಲ. ಆದರೂ ನನ್ನ ಕಂಪ್ಯೂಟರ್ ಆರಿಸಿದ ಮೇಲೂ ಪೆಟ್ಟಿಗೆಯೊಳಗೆ ಡಿಸ್ಕ್ ಗರಗರ ಓಡುತ್ತಿತ್ತು. ಮುಟ್ಟಿದರೆ ಜ್ವರ ಬಂದ ಹಣೆಯಂತೆ ಸುಡುತ್ತಿತ್ತು. ಕೆಲವೇ ದಿನಗಳಲ್ಲಿ ಜಾಗ ಮುಗಿಯಿತೆಂದು ಎಚ್ಚರಿಕೆ ಬಂತು. ಅವನನ್ನೇ ಕರೆಸಿದೆ.

“ನಿಮ್ದು ಒಂದು ಮೂಲೆ ಅಷ್ಟೇ. ತುಂಬಿರೋದೆಲ್ಲ ಇನ್ನೊಬ್ರದು. ಪಾಸ್‌ವರ್ಡ್ ಬದಲಾಯಿಸ್ಕೊಂಡಿದಾರೆ, ನನ್ ಕೈಲೂ ತೆಗೆಯೋಕಾಗ್ತಿಲ್ಲ. ನೋಡಿ, ಈಗ್ಲೂ ಏನೋ ಹಾಕ್ತಾನೇ ಇದಾರೆ. ಅಳಿಸಿಬಿಡ್ಲಾ?”

ನಾನು ಅವನ ಕೈ ಹಿಡಿದುಕೊಂಡೆ.

“ಬೇಡಪ್ಪ. ಅಂಗಡೀಲಿ ಇರೋದ್ರಲ್ಲೇ ದೊಡ್ಡ ಡಿಸ್ಕ್ ಹಾಕು.”