ಮೂಗಿಲ್ಲದವನಿಗೆ ಮೇಪಲ್ ಕುಕ್ಕಿ

ರೂಪಶ್ರೀ ತಂದ ಮೊದಲ ಕುಕ್ಕಿಯನ್ನು ರಾಜೀವ ಬಾಯಿಗಿಟ್ಟು, ಎರಡು ಸಲ ಅಗಿದು, ಪಕ್ಕದಲ್ಲಿದ್ದ ಬಕೆಟ್ಟಿಗೆ ಉಗಿದ.

ಪ್ರೇಮಕ್ಕೆ ಇದಕ್ಕಿಂತ ಒಳ್ಳೆಯ ಆರಂಭಗಳಿರಬಹುದು. ಆದರೆ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ರುಚಿ ನೋಡುವುದೇ ಅವನ ಉದ್ಯೋಗ. ಚಮಚದಿಂದ ಕಾಫಿಯನ್ನು ಸೊರ್ರನೆ ಹೀರಬೇಕು, ನಾಲಿಗೆಯ ಮೇಲೆ ಹೊರಳಿಸಬೇಕು, ಉಗಿಯಬೇಕು. ನುಂಗುತ್ತ ಹೋದರೆ ಮಧ್ಯಾಹ್ನದೊಳಗೆ ಕೈ ನಡುಗುತ್ತದೆ. ಹೀಗಾಗಿ ಬಕೆಟ್ ಕಂಡಲ್ಲಿ ಅವನ ಬಾಯಿ ತಾನಾಗಿಯೇ ಅತ್ತ ತಿರುಗುತ್ತಿತ್ತು.

"ಅಷ್ಟು ಕೆಟ್ಟದಾಗಿದ್ಯಾ?" ಎಂದಳು ರೂಪಶ್ರೀ. ಡಬ್ಬಿಯ ಮುಚ್ಚಳ ಆಗಲೇ ಅರ್ಧ ಮುಚ್ಚಿತ್ತು.

"ಅಯ್ಯೋ ಇಲ್ಲ ಮಾರಾಯ್ರೆ. ಅಭ್ಯಾಸ. ನಾನು ಎಲ್ಲಾನೂ ಉಗಿಯೋದೇ."

"ಮನೇಲಿ ಊಟಾನೂ?"

"ಅದನ್ನ ನುಂಗ್ತೀನಿ."

"ನಿಮ್ಮಮ್ಮನ ಪುಣ್ಯ."

ಅವಳನ್ನು ಕಳಿಸಿದ್ದು ಮ್ಯಾನೇಜರ್ ರುದ್ರಪ್ಪನವರು. ಡಿಸೆಂಬರಿನಲ್ಲಿ ಹೊಸ ಬೆಳೆಯ ಸ್ಯಾಂಪಲ್ ನೋಡಲು ಕೆನಡಾದ ವ್ಯಾಪಾರಿಯೊಬ್ಬ ಬರುವವನಿದ್ದ. ಅವನಿಗೆ ಕಾಫಿಯ ಜೊತೆ ಅವನ ದೇಶದ ಮೇಪಲ್ ಮರದ ಸಿಹಿಪಾಕದ ಘಮವಿರುವ, ನಡುವೆ ಕ್ರೀಮ್ ಇಟ್ಟ ಜೋಡಿ ಕುಕ್ಕಿ ಕೊಡಬೇಕೆಂದು ರುದ್ರಪ್ಪನವರಿಗೆ ಹೊಳೆದಿತ್ತು. ಕೆನಡಾದವನಿಗೆ ಕೆನಡಾದ್ದನ್ನೇ ತಿನ್ನಿಸುವುದು ಯಾವ ಆತಿಥ್ಯ ಎಂದು ಯಾರೂ ಕೇಳಲಿಲ್ಲ. ರುದ್ರಪ್ಪನವರನ್ನು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಮೂಡಿಗೆರೆಯಲ್ಲಿ ಮನೆಯಲ್ಲೇ ಬೇಕಿಂಗ್ ಮಾಡುವ ಹುಡುಗಿ ಇದ್ದಾಳೆ, ರಾಜೀವ ಒಪ್ಪಿದರೆ ಆರ್ಡರ್ ಅವಳಿಗೆ ಎಂದಿದ್ದರು.

ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮಳೆಗಾಲದ ಜ್ವರದಲ್ಲಿ ರಾಜೀವನ ಮೂಗು ಸತ್ತುಹೋಗಿತ್ತು. ಸಿಹಿ, ಕಹಿ, ಹುಳಿ, ಉಪ್ಪನ್ನು ನಾಲಿಗೆ ಹೇಳುತ್ತಿತ್ತು. ಘಮ ಮಾತ್ರ ಇಲ್ಲ. ಜೀವಮಾನದ ಕಾಫಿ ಈಗ ಬರೀ ಬಿಸಿ ಕಹಿನೀರು. ಕೆಲಸ ಕಡಿಮೆ ಇದ್ದ ತಿಂಗಳುಗಳಲ್ಲಿ ಹೇಗೋ ದಿನ ನೂಕಿದ್ದ. ಡಿಸೆಂಬರಿನಲ್ಲಿ ವ್ಯಾಪಾರಿ ಎದುರಿಗೇ ಕೂತಿರುತ್ತಾನೆ. ಆಗ ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ.

"ಮೇಪಲ್ ಬಂದಿದ್ಯಾ ಹೇಳಿ," ಎಂದಳು ಅವಳು. "ನಾನು ನಿಜವಾದ್ದನ್ನ ತಿಂದೋಳಲ್ಲ. ಮಂಗಳೂರಿಂದ ತರಿಸಿದ ಎಸೆನ್ಸ್ ಬಾಟ್ಲಿ ಒಂದೇ ಗತಿ."

ಗೊತ್ತಾಗುತ್ತಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಅವಳ ಎಡ ಹುಬ್ಬಿನ ಮೇಲೆ ಒಂದಿಷ್ಟು ಮೈದಾ ಉಳಿದಿತ್ತು. ಉತ್ತರಕ್ಕಾಗಿ ತಲೆ ವಾರೆ ಮಾಡಿಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ಅಂಥ ಕಣ್ಣಿನೆದುರು ನಿಜ ಹೇಳಲು ಬೇರೆಯದೇ ಗುಂಡಿಗೆ ಬೇಕು.

"ಬೆಣ್ಣೆ ಮುಂದೆ ಬರ್ತದೆ," ಎಂದ. "ಮೇಪಲ್ ಸ್ವಲ್ಪ ಹಿಂದೆ ನಿಂತಿದೆ. ನಾಚಿಕೊಂಡ ಹಾಗೆ."

ಅವಳು ನಕ್ಕಳು. "ಹಾಗಾದ್ರೆ ಭಾನುವಾರ ಮನೆಗೆ ಬನ್ನಿ. ಬಿಸಿಬಿಸಿ ನೋಡಿ. ಅಲ್ಲಿ ಬಕೆಟ್ ಇರಲ್ಲ."

ಆಮೇಲಿನ ಭಾನುವಾರಗಳು ಒಂದರೊಳಗೊಂದು ಕರಗಿದವು. ಮೂಡಿಗೆರೆಯ ಆ ಸಣ್ಣ ಅಡುಗೆಮನೆಯ ಕಿಟಕಿಯವರೆಗೂ ಮಂಜು ಬಂದು, ಒಳಗಿನ ಬಿಸಿ ನೋಡಿ ಹಿಂದೆ ಸರಿಯುತ್ತಿತ್ತು. ರೂಪಶ್ರೀ ಬೆಣ್ಣೆಗೆ ಕಂದು ಸಕ್ಕರೆ ಹಾಕಿ, ಹಗುರಾಗಿ ಬಣ್ಣ ತಿಳಿಯಾಗುವವರೆಗೆ ತಿರುವುತ್ತಿದ್ದಳು. ಹಿಟ್ಟನ್ನು ಲಟ್ಟಿಸಿ ಲೋಟದ ಬಾಯಿಂದ ಬಿಲ್ಲೆ ಕತ್ತರಿಸುತ್ತಿದ್ದಳು. ಎರಡು ಬಿಲ್ಲೆಗಳ ನಡುವೆ ಕ್ರೀಮ್ ಇಟ್ಟು ಒತ್ತುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು. ಕ್ರೀಮ್ ಅಂಚಿಗೆ ಬಂದು ನಿಂತರೆ ತುಟಿ ಬಿಡುಗಡೆಯಾಗುತ್ತಿತ್ತು. ರಾಜೀವ ಆ ಬಿಡುಗಡೆಗಾಗಿ ಕಾಯುತ್ತಿದ್ದ.

"ಈ ಸಲ?" ಎಂದು ಕೇಳುತ್ತಿದ್ದಳು.

"ಮೇಪಲ್ ಹೊಸ್ತಿಲಿಗೆ ಬಂದಿದೆ. ಇನ್ನೊಂಚೂರು ಕರೀಬೇಕು."

ಅವಳು ಇನ್ನೊಂಚೂರು ಎಸೆನ್ಸ್ ಸುರಿಯುತ್ತಿದ್ದಳು. ಹಳೆಯ ನೆನಪಿನ ಮಾತುಗಳನ್ನು ಹೊಸವೆಂಬಂತೆ ಹೇಳುತ್ತ ರಾಜೀವ ಒಳಗೊಳಗೇ ಕುಗ್ಗುತ್ತಿದ್ದ. ಆದರೂ ಮುಂದಿನ ಭಾನುವಾರ ಬಸ್ಸು ಹತ್ತುತ್ತಿದ್ದ.

"ಕೆಮ್ಮಿನ ಔಷಧಿ ಕುಡಿದ ಹಾಗಿದೆ ಕಣೆ," ಎಂದರು ಅವಳ ತಾಯಿ ಕೃಷ್ಣಮ್ಮ, ಹಜಾರದಲ್ಲಿ ಕೂತು ಮೆಣಸಿನ ಕಡ್ಡಿ ಆರಿಸುತ್ತ.

"ಅವರ ನಾಲಿಗೆಗೆ ಗೊತ್ತಮ್ಮ. ನೀನು ಸುಮ್ನಿರು."

"ಗೊತ್ತಿರಬಹುದಪ್ಪ. ರುಚಿ ನೋಡಕ್ಕೆ ಒಂದು ಬಿಸ್ಕತ್ತು ಸಾಕು ಅಂದ್ಕೊಂಡಿದ್ದೆ. ಇವರಿಗೆ ಒಂದಿಡೀ ಸಂಜೆ ಬೇಕಾಗ್ತದೆ."

ವ್ಯಾಪಾರಿ ಬರುವುದಕ್ಕೆ ಮುಂಚಿನ ಕೊನೆಯ ಭಾನುವಾರ ಓವನ್ನಿನ ಬಲ್ಬು ಕೆಟ್ಟಿತ್ತು. "ಫೋನ್ ಬಂತು, ಒಂದು ನಿಮಿಷ," ಎಂದು ರೂಪಶ್ರೀ ಹಿತ್ತಲಿಗೆ ಹೋದಳು. "ಒಳಗೆ ಕಾಣಲ್ಲ. ವಾಸನೆ ತಿರುಗಿದ ಕೂಡಲೆ ಆರಿಸಿಬಿಡಿ."

ರಾಜೀವ ಓವನ್ನಿನ ಮುಂದೆ ಕೂತ. ಕಿಟಕಿಯಾಚೆ ಅವಳ ದುಪಟ್ಟಾದ ತುದಿ ಕಾಣುತ್ತಿತ್ತು. ಅದು ಅತ್ತ ಹೋಗಿ ಇತ್ತ ಬರುವುದನ್ನು ನೋಡುತ್ತ ಅವನ ಮನಸ್ಸು ಎಲ್ಲೋ ಹೊರಟುಹೋಯಿತು.

ವಾಸನೆ ಹಿತ್ತಲು ಮುಟ್ಟಿತು. ಬೇಲಿಯಾಚೆಯ ಮನೆಯವರು ಕತ್ತು ಹೊರಹಾಕಿದರು. ರೂಪಶ್ರೀ ಓಡಿಬಂದು ಬಾಗಿಲಲ್ಲಿ ನಿಂತಳು. ರಾಜೀವ ಅವಳತ್ತ ತಿರುಗಿ, ತೃಪ್ತಿಯಿಂದ ನಕ್ಕು ಹೇಳಿದ: "ಘಮ ಚೆನ್ನಾಗಿ ಬರ್ತಿದೆ."

ಅವಳು ಸ್ವಿಚ್ ಆರಿಸಿದಳು. ಟ್ರೇ ಎಳೆದಳು. ಬಿಲ್ಲೆಗಳೆಲ್ಲ ಇದ್ದಿಲಾಗಿದ್ದವು. ಅವಳು ಟ್ರೇ ನೋಡಿದಳು, ಅವನನ್ನು ನೋಡಿದಳು, ಮೆಲ್ಲಗೆ ನೆಲದ ಮೇಲೆ ಕೂತಳು.

"ಯಾವಾಗಿಂದ?"

"ಮಳೆಗಾಲದಿಂದ. ಜ್ವರ ಬಂದಿತ್ತು."

"ಮೇಪಲ್ ನಾಚಿಕೊಂಡಿದ್ದು?"

"ಸುಳ್ಳು."

"ಹೊಸ್ತಿಲಿಗೆ ಬಂದಿದ್ದು?"

"ಅದೂ ಸುಳ್ಳು."

"ಗರಿಗರಿ ಅಂದಿದ್ರಿ."

"ಅದು ನಿಜ. ಹಲ್ಲಿಗೆ ಗೊತ್ತಾಗ್ತದೆ."

ನಗು ಬಂದದ್ದನ್ನು ಅವಳು ಕೋಪದಿಂದ ತಡೆದಳು. "ನಿಮ್ಮ ಮಾತು ಕೇಳಿ ಬಾಟ್ಲಿ ಬಾಟ್ಲಿ ಸುರಿದಿದ್ದೀನಿ. ಸರಿಯಾಗಿ ಹೇಳಿದ ಅಮ್ಮನ್ನೇ ಬೈದೆ. ಏನೂ ಗೊತ್ತಾಗದೆ ಇದ್ಮೇಲೆ ಯಾಕೆ ಬರ್ತಿದ್ರಿ?"

"ನೀವು ಹಿಟ್ಟು ನಾದೋದನ್ನ ನೋಡ್ತಾ ಕೂತ್ರೆ," ಎಂದ ರಾಜೀವ, "ನಾನು ಏನೋ ಕಳ್ಕೊಂಡಿದೀನಿ ಅನ್ನೋದೇ ಮರೆತುಹೋಗ್ತಿತ್ತು. ಅದಕ್ಕೇ ಬರ್ತಿದ್ದೆ. ಕುಕ್ಕಿಗಲ್ಲ."

ಅವಳು ಕರಿ ಬಿಲ್ಲೆಯೊಂದನ್ನು ಬೆರಳಲ್ಲಿ ತಿರುಗಿಸಿದಳು. "ಅದನ್ನ ಮೊದಲನೇ ವಾರಾನೇ ಹೇಳಿದ್ರೆ ಇಷ್ಟು ಬೆಣ್ಣೆ ಉಳೀತಿತ್ತು," ಎಂದಳು. ಕಿವಿಗಳು ಕೆಂಪಾಗಿದ್ದವು. "ರುದ್ರಪ್ಪನವರಿಗೆ ಗೊತ್ತಾ?"

"ಇಲ್ಲ. ಹೇಳಿದ್ರೆ ಕೆಲಸ ಹೋಗ್ತದೆ."

"ಹೇಳದೆ ಆ ಕೆನಡಾದವನ ಎದುರಿಗೆ ಸಿಕ್ಕಿಬಿದ್ರೆ ಮರ್ಯಾದೆನೂ ಹೋಗ್ತದೆ. ಫೋನ್ ಮಾಡಿ. ನಾನು ಇಲ್ಲೇ ಕೂತಿರ್ತೀನಿ."

ಅವನು ಮಾಡಿದ. ಅವಳು ಕೂತೇ ಇದ್ದಳು, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ರಾಜೀವ ಮಳೆಗಾಲದ ಜ್ವರದಿಂದ ಶುರುಮಾಡಿ ಎಲ್ಲ ಹೇಳಿದ.

"ಡಾಕ್ಟರಿಗೆ ತೋರಿಸಿದ್ಯಾ?" ಎಂದರು ರುದ್ರಪ್ಪನವರು. ಇಲ್ಲವೆಂದಾಗ ಬೈದರು. ಆಮೇಲೆ, "ರುಚಿ ನೋಡೋ ಟೇಬಲ್ಲಿಗೆ ಬೇರೆಯವರನ್ನ ಕೂರಿಸ್ತೀನಿ. ಮೂಗು ಬರೋತನಕ ನೀನು ಗೋಡೌನ್ ನೋಡ್ಕೋ. ಬರದೆ ಇದ್ರೆ ಆಮೇಲಿನ ಮಾತು," ಎಂದರು. "ಅಂದ್ಹಾಗೆ ಬಿಸ್ಕತ್ತು ಚೆನ್ನಾಗಿದೆ ಅಂದ್ಯಲ್ಲ, ಯಾವ ಮೂಗಲ್ಲಿ ಅಂದೆ?"

"ಅದನ್ನ ಮತ್ತೆ ಮಾಡ್ತಿದ್ದಾರೆ ಸರ್," ಎಂದು ರಾಜೀವ ಫೋನಿಟ್ಟ. ಎದೆಯ ಮೇಲಿಂದ ಮೂಟೆಯೊಂದು ಇಳಿದಂತಿತ್ತು. ನಾಳೆಯ ಭಯ ಮಾತ್ರ ಹಾಗೆಯೇ ಇತ್ತು.

ಈ ಸಲ ಎಸೆನ್ಸ್ ಎಷ್ಟೆಂದು ಕೃಷ್ಣಮ್ಮನವರೇ ಹೇಳಿದರು. ಕೆಲವೇ ಹನಿ. ಟ್ರೇ ಒಳಗಿಟ್ಟು ರೂಪಶ್ರೀ ಅವನ ಪಕ್ಕ ಕೂತು ಕಣ್ಣು ಮುಚ್ಚಿದಳು.

"ನೀವೂ ಮುಚ್ಚಿ. ನಾನು ಹೇಳ್ತೀನಿ." ಸ್ವಲ್ಪ ತಡೆದು, "ಈಗ ಬರೀ ಬೆಣ್ಣೆ," ಎಂದಳು. "ಈಗ ಸಕ್ಕರೆ ಕೆಂಪಾಗ್ತಿದೆ. ಬಿಸಿಲು ಬಿದ್ದ ಒಣಹುಲ್ಲಿನ ಮೇಲೆ ಮಲಗಿದ ಹಾಗೆ."

"ಮೇಪಲ್?"

"ತಡೀರಿ." ಅವಳ ಉಸಿರು ನಿಂತು, ಮತ್ತೆ ನಡೆಯಿತು. "ಬಂತು. ಹಳೇ ಮರದ ಪೆಟ್ಟಿಗೆ ತೆಗೆದ ಹಾಗಿದೆ. ಒಳಗೆ ಯಾರೋ ಬೆಲ್ಲ ಇಟ್ಟು ಮರೆತಿದ್ದಾರೆ."

ಮೂಗಿಗೆ ಏನೂ ಬರಲಿಲ್ಲ. ಆದರೆ ರಾಜೀವನಿಗೆ ಪೆಟ್ಟಿಗೆ ಕಂಡಿತು, ಅದರ ತುಕ್ಕು ಹಿಡಿದ ಚಿಲಕವೂ ಕಂಡಿತು.

"ಎಲ್ಲಾನೂ ಹೀಗೆ ಹೇಳ್ತೀರಾ?" ಎಂದ. "ಬೆಳಗಿನ ಕಾಫಿ, ಸಾರಿನ ಒಗ್ಗರಣೆ, ಮೊದಲ ಮಳೆ. ದಿನಾ?"

"ದಿನಾ ಅಂದ್ರೆ ಚಿಕ್ಕಮಗಳೂರಿಂದ ಬಸ್ಸಲ್ಲಿ ಬಂದು ಹೋದ್ರೆ ಆಗಲ್ಲ," ಎಂದಳು ಅವಳು, ಕಣ್ಣು ತೆರೆಯದೆ. "ಒಂದೇ ಮನೇಲಿ ಇರ್ಬೇಕಾಗ್ತದೆ."

"ಇರ್ತೀನಿ."

"ಅಮ್ಮನ್ನ ಕೇಳಿ."

ಹಜಾರದಲ್ಲಿ ಮೆಣಸು ಆರಿಸುವ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು.

"ಕೇಳಿಸ್ತು," ಎಂದರು ಕೃಷ್ಣಮ್ಮ. "ಮೊದ್ಲು ಆ ಓವನ್ ಆರಿಸಿ."