ಜಾಂಗಡಕ್ಕೆ ಕೊಟ್ಟ ರಿವಾಲ್ವರ್

1934ರ ಅಕ್ಟೋಬರ್, ನವರಾತ್ರಿಯ ಏಳನೆಯ ದಿನ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಚಿತ್ತಾಪುರ ಠಾಣೆಯ ಮೆಟ್ಟಿಲುಗಳನ್ನು ಒಬ್ಬ ಮನುಷ್ಯ ದಡದಡನೆ ಏರಿ ಬಂದ. ಬಗಲಲ್ಲಿ ತೇಗದ ಪೆಟ್ಟಿಗೆ, ಮುಖವೆಲ್ಲ ಕೆಂಡ. ಹೈದರಾಬಾದಿನ ಗುಲಾಮ ದಸ್ತಗೀರ ಎಂದು ಅವನ ಹೆಸರು. ಅಲ್ಲಿಯ ಒಬ್ಬ ನವಾಬರಿಗಾಗಿ ಹಳೆಯ ಆಯುಧಗಳನ್ನು ಹುಡುಕಿ, ಬೆಲೆ ಕಟ್ಟಿ, ಕೊಂಡುಕೊಡುವುದು ಅವನ ಕಸುಬು.

“ದಗಾ ಆಗ್ಯದ ಅಮೀನ್ ಸಾಬ್. ಫಿರ್ಯಾದಿ ಬರಕೋರಿ,” ಅಂದ.

ನಿಜಾಮರ ರಾಜ್ಯದಲ್ಲಿ ಠಾಣೆಯ ಇನ್ಸ್‌ಪೆಕ್ಟರನಿಗೆ ಅಮೀನ ಎನ್ನುತ್ತಿದ್ದರು. ಚಿತ್ತಾಪುರದ ಅಮೀನ ಮೆಹತಾಬ್ ಅಲಿ ಒಳ್ಳೆಯ ಅಧಿಕಾರಿ, ಆದರೆ ಬಂದೂಕಿನ ಹುಚ್ಚ. ಮನೆಯಲ್ಲಿ ಬೀಬಿಗಿಂತ ಬಂದೂಕಿನ ಆರೈಕೆಯೇ ಹೆಚ್ಚು ಎಂದು ಊರು ಅವನ ಬೆನ್ನ ಹಿಂದೆ ನಗುತ್ತಿತ್ತು. ಪೆಟ್ಟಿಗೆ ಕಂಡದ್ದೇ ತಡ, ಅವನ ಕಣ್ಣು ಅದರಿಂದ ಕದಲಲಿಲ್ಲ.

“ಏನದ ಅದರಾಗ?”

“ಇಂಗ್ಲಂಡದ ರಿವಾಲ್ವರ್, ಐವತ್ತೇಳರ ದಂಗೆ, ಗದರಿನ ಕಾಲದ್ದು, ಅಸಲಿ ಅಂತ ಹೇಳಿದ್ರು. ಕಿಮ್ಮತ್ತು ನಿಜಾಮ ಸರಕಾರದ ಹಾಲಿ ರೂಪಾಯಿ ಏಳ್ನೂರು. ನೂರು ಮುಂಗಡ ಕಳಿಸೇವಿ. ಇವತ್ತು ಬಂದು ಕೈಯಾಗ ಹಿಡಿದು ನೋಡ್ತೀನಿ, ಖೋಟಾ ಮಾಲು.”

“ಹೇಳಿದವರು ಯಾರು?”

“ರಿಸಾಲದಾರ್ ಸಾಹೇಬರ ಬೇಗಂ. ಸರ್ವರಬೇಗಂ.”

ತೀರಿಹೋದ ರಿಸಾಲದಾರರು ಕುದುರೆಪಡೆಯ ನಿವೃತ್ತ ಅಧಿಕಾರಿ, ಊರಿನ ದೊಡ್ಡ ಮನುಷ್ಯ. ಅವರ ಸೊಂಟದ ಆ ರಿವಾಲ್ವರನ್ನು ಮೆಹತಾಬ್ ಅಲಿ ದೂರದಿಂದ ಎಷ್ಟು ಸಲ ಆಸೆಗಣ್ಣಿನಿಂದ ನೋಡಿದ್ದನೋ! ಮುಟ್ಟುವ ಭಾಗ್ಯ ಮಾತ್ರ ಒಂದು ದಿನವೂ ಒದಗಿರಲಿಲ್ಲ. ಈಗ ಅದು ತಾನಾಗಿ ಮೇಜಿನ ಮೇಲೆ ಬಂದು ಕೂತಿತ್ತು, ಅದೂ ಆ ಮನೆಯ ಹೆಣ್ಣುಮಗಳ ಮೇಲಿನ ವಂಚನೆಯ ದೂರಿನ ಜೊತೆ.

ಎಫ್.ಐ.ಆರ್. ಬರೆಯುವ ಮುನ್ನ ವಸ್ತುವನ್ನು ನೋಡಲೇಬೇಕಲ್ಲ! ಅದೊಂದು ನೆಪ ಸಾಕಾಯಿತು. ಇಡೀ ಠಾಣೆ ಮೇಜಿನ ಸುತ್ತ ನೆರೆಯಿತು. ಉದ್ದ ನಳಿಗೆ, ಕರಿಮರದ ಹಿಡಿಕೆ, ಬಳ್ಳಿಬಳ್ಳಿಯ ಕೆತ್ತನೆ. ಜವಾನ ಅಂಬಾರಾಯನಿಗೆ ತಡೆಯಲಾಗಲಿಲ್ಲ.

“ಏನ್ ಛಂದ ಅದರೀ! ಎರಡು ಸಾವಿರಕ್ಕ ಒಂದು ಪೈಸಾ ಕಮ್ಮಿ ಇಲ್ಲ ನೋಡ್ರಿ ಇದು.”

“ನೀ ಕೊಡತಿ ಏನೋ?” ದಸ್ತಗೀರ ರಿವಾಲ್ವರಿನ ಕುದುರೆ ಎಳೆದು ತೋರಿಸಿದ. ಗುಂಡು ತುಂಬುವ ಉರುಳೆ ಸಡಿಲ ಹಲ್ಲಿನಂತೆ ಅಲುಗಾಡಿತು. “ಅಸಲಿ ಮಾಲಿನಾಗ ಇದು ಕೀಲು ಹಾಕಿದಂಗ ನಿಲ್ಲಬೇಕು. ಈ ತಿರುಪು ನೋಡ್ರಿ, ಒಂದರ ಮಾಟ ಒಂದಕ್ಕಿಲ್ಲ. ಯಾವನೋ ಕಮ್ಮಾರ ಅಸಲಿಯನ್ನ ನೋಡಿ ಅರದಾಗ ತಿಕ್ಕಿ ಮಾಡ್ಯಾನ. ಹಳೇದಂತೂ ಹೌದು, ಖರೇದಲ್ಲ. ಭಾಳ ಅಂದ್ರ ಮೂವತ್ತು ರೂಪಾಯಿ.”

ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎನ್ನುವುದು ಅಮೀನನಿಗೂ ಗೊತ್ತಿತ್ತು. ಆದರೆ ರಿಸಾಲದಾರರಂಥ ಮನುಷ್ಯ ಅಲುಗಾಡುವ ಆಯುಧವನ್ನು ಸೊಂಟಕ್ಕೆ ಕಟ್ಟಿ ಜೀವಮಾನ ಕಳೆದರೇ? ಅದು ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ. ಪರವಾನಗಿ ತರಿಸಿ ನೋಡಿದ. ‘ಇಂಗ್ಲಿಷ್ ರಿವಾಲ್ವರ್, ಒಂದು’ ಎಂದಷ್ಟೇ ಇತ್ತು. ಬರೆದವನಿಗೆ ಪುಣ್ಯ ಬರಲಿ.

ಮಧ್ಯಾಹ್ನ ಅಮೀನ ಬೇಗಂ ಸಾಹೇಬರ ಮನೆಗೆ ಹೋದ. ಅವರು ಪರದೆಯ ಆಚೆ ಕೂತು ಉತ್ತರ ಕೊಟ್ಟರು.

“ಮಾರಲಿಕ್ಕೆ ಕಾರಣ?”

“ಮೊಮ್ಮಗಳು ತಾಜುನ್ನಿಸಾ ಡಾಕ್ಟರಿ ಕಲೀತೀನಿ ಅಂತಾಳ. ಹೈದರಾಬಾದಿನಾಗ ಜಾಗಾ ಸಿಕ್ಕದ. ದಸರಾ ಸೂಟಿ ಮುಗಿಯೂದರೊಳಗ ಫೀಸು ತುಂಬಬೇಕು.”

“ಇದು ಖೋಟಾ ಅಂತ ನಿಮಗ ಗೊತ್ತಿತ್ತೇನು?”

“ಮೆಹತಾಬ್, ನಾ ಸುಳ್ಳು ಮಾಲು ಮಾರಿದೆ ಅಂತ ಕೋರ್ಟು ಕಚೇರಿ ಕಟ್ಟಿ ಹತ್ತಬೇಕೇನಪಾ ಈ ವಯಸ್ಸಿನಾಗ? ಅವರು ಇದ್ದಾಗ ನಾ ಅದನ್ನ ಮುಟ್ಟಿದಾಕಿ ಅಲ್ಲ. ಹೋದ ಮ್ಯಾಲ ಪೆಟ್ಟಿಗಿ ತೆಗೆದು ನೋಡ್ತಿದ್ದೆ, ಮುಚ್ಚಿ ಇಡತಿದ್ದೆ. ಅಷ್ಟೇ.”

ಅಮೀನನಿಗೆ ನಾಚಿಕೆಯಾಯಿತು. ಆದರೂ ಕೇಳಬೇಕಾದ್ದನ್ನು ಕೇಳಿದ. “ಈ ನಡುವೆ ಪೆಟ್ಟಿಗಿ ಮನಿ ಬಿಟ್ಟು ಹೊರಗ ಹೋಗಿತ್ತೇನು?”

“ಒಮ್ಮೆ. ಸೇಡಂ ಕಡೆ ಆಡಕಿ ಊರಿನ ಪಾಂಡುರಂಗರಾವ ದೇಶಪಾಂಡೆ ಜಾಂಗಡಕ್ಕ ಒಯ್ದಿದ್ರು. ಹೋದ ತಿಂಗಳು.”

ಜಾಂಗಡ ಎಂದರೆ ಈ ಸೀಮೆಯ ವ್ಯಾಪಾರದ ಹಳೆಯ ಪದ್ಧತಿ. ಹಣ ಕೊಡದೆ ವಸ್ತುವನ್ನು ಎಂಟು ದಿನ ಮನೆಗೆ ಒಯ್ದು ನೋಡುವುದು. ಒಪ್ಪಿದರೆ ಬೆಲೆ, ಇಲ್ಲದಿದ್ದರೆ ವಸ್ತು ವಾಪಸ್ಸು. ಸೀರೆಯಿಂದ ಎತ್ತಿನವರೆಗೆ ಹೀಗೆ ನಡೆಯುತ್ತಿತ್ತು. ಮಾತಿನ ಮೇಲೆ ನಿಂತ ವ್ಯವಹಾರ, ಅನುಮಾನಪಟ್ಟವನೇ ಸಣ್ಣವನಾಗುತ್ತಿದ್ದ.

“ಏನಂತ ವಾಪಸ್ಸು ಕೊಟ್ರು?”

“ರೊಕ್ಕ ಹೆಚ್ಚಾತು, ನನ್ನ ಕೈಲಿ ಆಗಂಗಿಲ್ಲ ಅಂದ್ರು. ಭಾಳ ಸಜ್ಜನ ಮನುಷ್ಯ. ನಮ್ಮವರ ದೋಸ್ತ. ಅವರ ಮ್ಯಾಲ ಸಂಶೆ ಪಡಬ್ಯಾಡ.”

ಸಂಶಯ ಪಡುವುದೇ ಅಮೀನನ ಸಂಬಳದ ಕೆಲಸ. ಠಾಣೆಗೆ ಬಂದವನೇ ತಿರುಪು ಬಿಚ್ಚುವ ಪೇಚಕಸ ತರಿಸಿದ. ಇಬ್ಬರು ಪಂಚರನ್ನು ಕೂರಿಸಿ, ಹಿಡಿಕೆಯ ತಿರುಪಿಗೆ ಪೇಚಕಸ ಕೊಟ್ಟು ತಿರುಗಿಸಿದ. ಮರದ ಎರಡು ಹೋಳುಗಳು ಬೇರ್ಪಟ್ಟವು. ಮೇಜಿನ ಮೇಲಿದ್ದ ಬಿಳಿಯ ಕಾಗದದ ಮೇಲೆ ಕೆಂಪಗೆ ಏನೋ ಉದುರಿತು.

“ತುಕ್ಕು,” ಎಂದ ದಸ್ತಗೀರ.

ಅಂಬಾರಾಯ ಬಗ್ಗಿ ಮೂಸಿದ. “ತುಕ್ಕಲ್ಲರೀ ಸಾಹೇಬ್ರ. ಕುಂಕುಮ! ಒಳಗ ಅರಿಷಿಣಾನೂ ಅದ ನೋಡ್ರಿ.”

ನಿಜ. ಮೇಲೆಲ್ಲ ತಿಕ್ಕಿ ತೊಳೆದು ಲಕಲಕ ಮಾಡಿದ್ದರು. ಮರದ ಅಡಿಯಲ್ಲಿ ಮಾತ್ರ ಅರಿಷಿಣ, ಕುಂಕುಮ, ಎಣ್ಣೆ, ಮತ್ತೆ ಅರಿಷಿಣ, ಕುಂಕುಮ ಪದರಪದರವಾಗಿ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಎಂಟು ದಿನದಲ್ಲಿ ಹಾಗೆ ಗಟ್ಟಿಯಾಗುವುದಿಲ್ಲ, ಎಂಟು ವರ್ಷದಲ್ಲೂ ಇಲ್ಲ. ರಿಸಾಲದಾರರ ಮನೆಯಲ್ಲಿ ಆಯುಧಕ್ಕೆ ಕುಂಕುಮ ಏರಿಸುವವರು ಯಾರಿದ್ದರು?

ಅಮೀನ ಕುರ್ಚಿಯಿಂದ ಎದ್ದೇ ಬಿಟ್ಟ. “ಇದು ಖಂಡೇಪೂಜಾ, ಆಯುಧಪೂಜಾ ಕಂಡ ಪಿಸ್ತೂಲು, ಅಂಬಾರಾಯ! ಬೇಗಂ ಅವರದನ್ನ ಆಡಕಿ ದೇಶಪಾಂಡೆರು ಜಾಂಗಡಕ್ಕ ಒಯ್ದಿದ್ರಂತ.”

ಅಂಬಾರಾಯ ಹಣೆ ಬಡಿದುಕೊಂಡ. “ನಾನೂ ಎಂಥ ಹುಂಬರೀ! ಆಡಕಿ ನನ್ನ ಹೆಂಡತಿ ತವರುಮನಿ. ದೇಶಪಾಂಡೆರ ವಾಡೇದಾಗ ನವಮಿ ದಿನ ಇಂಥಾದ್ದ ಒಂದು ಪಿಸ್ತೂಲಿಗೆ ಪೂಜಾ ಮಾಡ್ತಾರ. ಅವರ ಅಜ್ಜಗ ಯಾರೋ ಸಾಹೇಬ ಗದರಿನಾಗ ಇನಾಮು ಕೊಟ್ಟಿದ್ದಂತ. ಊರೆಲ್ಲ ನೋಡ್ಲಿಕ್ಕೆ ಹೋಗ್ತದ.”

“ನವಮಿ ಯಾವಾಗ?”

“ನಾಡಿದ್ದು. ಪೂಜಾ ಆತಂದ್ರ ಮುಗೀತು ನೋಡ್ರಿ, ದಶಮಿ ತನಕ ಆಯುಧ ಯಾರೂ ಅಲುಗಿಸಂಗಿಲ್ಲ. ಕೈ ಹಚ್ಚಿದ್ರ ಊರೇ ಎದುರು ನಿಲ್ತದ.”

ದಶಮಿಯವರೆಗೆ ಕಾದರೆ ದಸ್ತಗೀರ ಹೈದರಾಬಾದಿಗೆ ಹೊರಟು ಬೇಗಂ ಮೇಲೆ ದೊಡ್ಡ ಕಚೇರಿಯಲ್ಲೇ ದಾವೆ ಹೂಡುವವನಿದ್ದ. ತಾಜುನ್ನಿಸಾಳ ಜಾಗವೂ ಹೋಗುತ್ತಿತ್ತು. ಮರುದಿನ ಸಂಜೆಯ ರೈಲುಗಾಡಿಗೆ ಅಮೀನ, ಅಂಬಾರಾಯ, ದಸ್ತಗೀರ ಮೂವರೂ ಸೇಡಂ ಹಾದಿ ಹಿಡಿದರು. ಮಳಖೇಡ ದಾಟುವಾಗ ಕಾಗಿಣಾ ಹೊಳೆಯ ಮೇಲೆ ಸೂರ್ಯ ಇಳಿಯುತ್ತಿದ್ದ. ಅಮೀನ ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಸೇಡಂ ಠಾಣೆಗೆ ವರ್ದಿ ಕೊಟ್ಟು, ಅಲ್ಲಿಯ ಒಬ್ಬ ಜವಾನನನ್ನು ಕರೆದುಕೊಂಡು, ನವಮಿಯ ನಸುಕಿನಲ್ಲಿ ದಮಣಿ ಕಟ್ಟಿಸಿ ಎತ್ತುಗಳನ್ನು ಓಡಿಸಿದರು. ದಾರಿಯ ತಗ್ಗುದಿಣ್ಣೆಗೆ ದಸ್ತಗೀರನ ಟೋಪಿ ಎರಡು ಸಲ ಹಾರಿಬಿತ್ತು. ಮೂವತ್ತು ರೂಪಾಯಿಯ ಮಾಲಿಗಾಗಿ ಸೊಂಟ ಮುರಿಯಿತೆಂದು ಅವನು ಗೊಣಗಿದ. ಆದರೆ ಒಳಗೊಳಗೆ ಅವನಿಗೂ ಖುಷಿ ಏರಿತ್ತು, ಏಳುನೂರರ ಮಾಲು ನಿಜವಾಗಿ ಎಲ್ಲೋ ಇದೆಯಲ್ಲ ಎಂದು.

ಆಡಕಿ ತಲುಪಿದಾಗ ಎಂಟು ದಾಟಿತ್ತು. ವಾಡೆಯ ಅಂಗಳದಲ್ಲಿ ಕತ್ತಿ, ಭರ್ಚಿ, ಕುಡಗೋಲುಗಳನ್ನು ತೊಳೆದು ಬಿಸಿಲಿಗೆ ಇಟ್ಟಿದ್ದರು. ಪೂಜೆ ಇನ್ನೂ ಆಗಿರಲಿಲ್ಲ! ನಡುವೆ ಮಣೆಯ ಮೇಲೆ ರಿವಾಲ್ವರ್. ಐವತ್ತರ ಪಾಂಡುರಂಗರಾವ ಮಡಿಯಲ್ಲಿದ್ದರು, ಮೈಮೇಲೆ ಗೋಪಿಚಂದನದ ಮುದ್ರೆ. ಪಡಸಾಲೆಯ ಕಂಬಕ್ಕೆ ಆತು ಅವರ ತಾಯಿ ಸೀತಾಬಾಯಿ ಕೂತಿದ್ದರು. ಊರ ಜನ ಬಾಗಿಲಲ್ಲಿ ನೆರೆದಿತ್ತು.

“ಬರ್ರಿ ಅಮೀನ್ ಸಾಹೇಬ್ರ, ಕುಂದ್ರಿ. ಹಬ್ಬಕ್ಕ ಬಂದ್ರಿ, ಭಾಳ ಸಂತೋಷ.” ಧ್ವನಿಯಲ್ಲಿ ಸಂತೋಷದ ಸುಳಿವಿರಲಿಲ್ಲ.

“ಆ ರಿವಾಲ್ವರ್ ಯಾರದು ರಾಯರ?”

“ನಮ್ಮ ಅಜ್ಜಾರದು. ಊರಿಗೇ ಗೊತ್ತು.”

“ಪೂಜಾಕ್ಕ ಮೊದಲ ಆಯುಧ ಬಿಚ್ಚಿ ಒರಸೂದು ಪದ್ಧತಿ ಅಲ್ಲೇನು? ಹಿಡಿಕಿ ಒಳಗೂ ಒರಸೋಣಲ್ಲ?”

“ಬ್ಯಾಡರೀ!” ರಾಯರ ಕೈ ಮಣೆಯ ಮೇಲೆ ಹೋಯಿತು. “ಮುಹೂರ್ತ ಮೀರ್ತದ. ಎಪ್ಪತ್ತು ವರ್ಷದಿಂದ ಬಿಚ್ಚಿದವರಿಲ್ಲ ಅದನ್ನ.”

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅಮೀನ ಮುಂದಿನ ಮಾತು ಆಡುವ ಮೊದಲೇ ಕಂಬದ ಕಡೆಯಿಂದ ಸೀತಾಬಾಯಿ ನುಡಿದರು.

“ಬಿಚ್ಚಲಿ ಬಿಡೋ ಪಾಂಡು. ಹೊಲಸು ಹೋದ್ರ ಛಲೋ ಆತು. ದಶಮಿ ಆದ ಮ್ಯಾಲ ಒರಸಿ ಎತ್ತಿಡಾಕಿ ನಾನಲ್ಲೇನು? ಸಂದಿನ್ಯಾಗಿನ ಕುಂಕುಮ ಉಗುರು ಹಾಕಿದ್ರೂ ಬರಂಗಿಲ್ಲ.”

ತಾಯಿಯ ಮಾತಿಗೆ ರಾಯರು ಎದುರಾಡಲಿಲ್ಲ. ಅಂಗಳದ ಮಣೆಯ ಮುಂದೆಯೇ ಅಂಬಾರಾಯ ತಿರುಪು ಸಡಿಲಿಸಿದ. ಎರಡು ಹೋಳು ತೆರೆದವು. ಒಳಗೆ ಎಣ್ಣೆ ಸವರಿದ ನೀಲಿ ಉಕ್ಕು, ಕನ್ನಡಿಯಷ್ಟು ಶುಭ್ರ. ಒಂದು ಚಿಟಿಕೆ ಕುಂಕುಮವೂ ಇರಲಿಲ್ಲ.

ದಸ್ತಗೀರ ಕುದುರೆ ಎಳೆದ. ಉರುಳೆ ಕಟಕ್ಕೆಂದು ನಿಂತಿತು, ಕೂದಲೆಳೆಯಷ್ಟೂ ಅಲುಗಲಿಲ್ಲ. “ವಾಹ್! ಇದು ನೋಡ್ರಿ ಮಾಲು, ಇದು!” ಎಂದು ಅವನು ಮಗುವಿನಂತೆ ಕೂಗಿಬಿಟ್ಟ.

ಅಮೀನ ಮೆಲ್ಲಗೆ ಕೇಳಿದ. “ಎಪ್ಪತ್ತು ನವಮಿಯ ಕುಂಕುಮ ಎಲ್ಲಿ ಹೋತು ರಾಯರ?”

ಸೀತಾಬಾಯಿ ಕಂಬ ಹಿಡಿದು ಎದ್ದು ಬಂದು, ಬಗ್ಗಿ ನೋಡಿದರು. “ಇದು ನಮ್ಮದಲ್ಲ,” ಎಂದಷ್ಟೇ ಹೇಳಿ ಒಳಗೆ ಹೋದರು.

ಒಂಬತ್ತು ಗಂಟೆಗೆ ಪಂಚನಾಮೆ ಮುಗಿಯಿತು. ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಬೇಡಿ ಹಾಕಲು ಅಮೀನನಿಗೆ ಮನಸ್ಸಾಗಲಿಲ್ಲ. ಹಿತ್ತಲ ಬಾಗಿಲಿಗೆ ದಮಣಿ ತರಿಸಿ, ಜನರ ಕಣ್ಣು ತಪ್ಪಿಸಿ ಕರೆದೊಯ್ದ.

ದಶಮಿಯ ದಿನ ಚಿತ್ತಾಪುರದಲ್ಲಿ ಬೇಗಂ ಸಾಹೇಬರ ಪರದೆಯ ಮುಂದೆ ದಸ್ತಗೀರ ತಲೆ ತಗ್ಗಿಸಿ ನಿಂತ. ದೂರು ಹಿಂದೆಗೆದುಕೊಂಡಾಗಿತ್ತು.

“ನೀವು ಹೇಳಿದ ಕಿಮ್ಮತ್ತು ಬರೋಬರ್ ಇಲ್ಲ, ಬೇಗಂ ಸಾಹೇಬಾ.”

ಪರದೆಯ ಆಚೆ ತಾಜುನ್ನಿಸಾ ‘ಯಾ ಅಲ್ಲಾ’ ಅಂದದ್ದು ಈಚೆಗೂ ಕೇಳಿಸಿತು.

“ಏಳ್ನೂರು ಭಾಳ ಕಮ್ಮಿ. ಒಂಬೈನೂರು ಕೊಡ್ತೀವಿ. ಕಚೇರಿ ಇನಸಾಫು ಮುಗಿದು ಮಾಲು ಕೈಗೆ ಬರೂತನಕ ಕಾಯ್ತೀವಿ, ಹುಡುಗಿ ಫೀಸು ಇವತ್ತೇ ತಗೋರಿ.”

ಆಚೆ ಹುಡುಗಿಯೊಬ್ಬಳು ಕುಣಿದ ಸದ್ದು, ಅಜ್ಜಿ ಗದರಿದ ಸದ್ದು. ಅಮೀನ ಮೀಸೆಯಡಿ ನಕ್ಕ. ಸಂತೋಷಕ್ಕೆ ಅವನ ಕಣ್ಣೂ ಒದ್ದೆಯಾಗಿತ್ತು.

ಸಂಜೆ ಠಾಣೆಯಲ್ಲಿ ಪಾಂಡುರಂಗರಾಯರ ಹೇಳಿಕೆ ಬರೆದುಕೊಳ್ಳಲು ಕೂತ.

“ಮಾರಲಿಕ್ಕ ಒಯ್ದಿರೇನು?”

“ಮಾರೂದು?” ರಾಯರಿಗೆ ಆ ಮಾತೇ ಅಪಮಾನವೆನಿಸಿತು. “ಹೋದ ವರ್ಷ ವಾಡಿ ಸ್ಟೇಷನ್ನಿನಾಗ ರೇಲ್ವೆದ ಗೋರಾ ಸಾಹೇಬಗ ನಮ್ಮ ಪಿಸ್ತೂಲು ತೋರಿಸಿದೆ, ಭಾಳ ಅಭಿಮಾನದಿಂದ. ಅವ ಎರಡು ಸಲ ತಿರುವಿ ನೋಡಿ ನಕ್ಕ. ಬಜಾರದ ಆಟಿಗಿ ಸಾಮಾನು ಅಂದ. ಅಜ್ಜಾರು ಸುಳ್ಳಾದ್ರು, ಇನಾಮು ಸುಳ್ಳಾತು. ಸಣ್ಣಾಂವ ಇದ್ದಾಗಿಂದ ನವಮಿಗೊಮ್ಮೆ ಅಪ್ಪಾ ನನ್ನ ಕೈಯಾಗ ಅದನ್ನ ಇಟ್ಟು ಆ ಕತಿ ಹೇಳ್ತಿದ್ರು. ಬೇಗಂ ಅವರ ಮನಿದು ನೋಡಿದೆ, ಥೇಟ್ ನಮ್ಮದರಂಗ, ಆದ್ರ ಖರೇದು. ಅವರು ಹೆಂಗಿದ್ರೂ ಮಾರಾವರು, ಅವರಿಗೆ ರೊಕ್ಕ ಬೇಕು ಅಷ್ಟೇ. ನಮ್ಮ ಮಣೀ ಮ್ಯಾಲ ಖರೇದೊಂದು ಇರಲಿ ಅನಸ್ತು, ಅವರ ಪೆಟ್ಟಿಗ್ಯಾಗ ನಮ್ಮದನ್ನ ಇಟ್ಟು ವಾಪಸ್ಸು ಕೊಟ್ಟೆ. ಮುದುಕಿ ಇದ್ದಾಳ, ಆಕಿಗೆ ಗೊತ್ತಾಗಬಾರದು ಅಂತ...”

“ಬೇಗಂ ಜೇಲಿಗೆ ಹೋಗ್ತಿದ್ರು ರಾಯರ.”

“ಹೌದು,” ಎಂದರು ರಾಯರು. “ಅದು ನನಗ ಹೊಳೀಲೇ ಇಲ್ಲ.”

ಅಷ್ಟರಲ್ಲಿ ಸಂಜೆಯ ಗಾಡಿಗೆ ಬಂದ ಸೀತಾಬಾಯಿ ಬಾಗಿಲಲ್ಲಿ ನಿಂತಿದ್ದರು. ಮಗನ ಮಾತಿನ ಕೊನೆಯ ಭಾಗ ಅವರ ಕಿವಿಗೆ ಬಿದ್ದಿತ್ತು. ಅವರು ಅಮೀನನಿಗೆ ಕೈಮುಗಿದರು.

“ಇನಸಾಫು ಮುಗದ ಮ್ಯಾಲ ನಮ್ಮದು ನಮಗ ವಾಪಸ್ಸು ಕೊಡ್ರಿ, ಸಾಹೇಬ್ರ. ಮೂವತ್ತು ರೂಪಾಯಿದು ಅಂತಾರಲ್ಲ, ಅದು.”

ರಾಯರು ತಲೆ ಎತ್ತಿದರು. “ಅವ್ವಾ, ಅದು ಖೋಟಾ ಅದ.”

“ಗೊತ್ತದ,” ಎಂದರು ಸೀತಾಬಾಯಿ. “ನೀ ಹುಟ್ಟೂಕಿಂತ ಮೊದಲ ನಿಮ್ಮಪ್ಪ ಹೈದರಾಬಾದಿಗೆ ಒಯ್ದು ತೋರಿಸಿಕೊಂಡು ಬಂದಿದ್ರು. ಬಂದು ನನಗ ಹೇಳಿದ್ರು. ಮರುವರ್ಷಾನೂ ಪೂಜಾ ಮಾಡಿದ್ರು.”

ದಸ್ತಗಿರಿಯಾದಾಗಲೂ ಅಳದಿದ್ದ ಪಾಂಡುರಂಗರಾಯರು ಆಗ ಮುಖ ಮುಚ್ಚಿಕೊಂಡರು. ಅಮೀನ ಲೇಖನಿ ಕೆಳಗಿಟ್ಟು, ಆ ಮುದುಕಿಗೆ ಕೂರಲು ತನ್ನ ಕುರ್ಚಿ ಬಿಟ್ಟುಕೊಟ್ಟ.